ವಾಸ್ತುಶಿಲ್ಪದ ಅರ್ಥವೂ ಅದರ ಪರಿಭಾಷೆಯೂ

ಯಾವುದೊಂದು ವಿದ್ಯೆಯ ಅಂತರಂಗವನ್ನು ಪ್ರವೇಶಿಸಬೇಕಾದರೆ ಮೊದಲು ಆ ವಿದ್ಯೆಯವರು ಬಳಸುವ ಶಬ್ದಗಳನ್ನು ಅರಿಯಬೇಕಾಗುವದು. ವೈದ್ಯಕ್ಕೆ ಹೇಗೋ, ವ್ಯಾಕರಣಕ್ಕೆ ಹೇಗೋ, ವಾಸ್ತುವಿದ್ಯೆಗೂ ಹಾಗೆಯೇ. ನಮ್ಮ ನಾಡಿನ ಗುಡಿಗಳನ್ನು ಕಂಡು ಬೆರಗಾಗದವರು ವಿರಳ. ಆದರೆ ಕಣ್ಣಿಗೆ ಬಿದ್ದ ಭಾಗದ ಹೆಸರೇನು, ಆ ಹೆಸರು ಅದಕ್ಕೇಕೆ ಬಂದಿತು ಎಂದು ವಿಚಾರಿಸುವವರು ಅದಕ್ಕಿಂತಲೂ ವಿರಳ. ಹೆಸರನ್ನು ಅರಿಯದವನಿಗೆ ಶಿಲೆಯು ಶಿಲೆಯಾಗಿಯೇ ಉಳಿಯುವದು. ಆದಕಾರಣ ಕರ್ನಾಟಕದ ಶಿಲ್ಪಿಗಳ ಪರಿಭಾಷೆಯನ್ನು ಕುರಿತು ನಾಲ್ಕು ಮಾತುಗಳನ್ನು ಈ ಸಂಪುಟದ ವಾಚಕರಾದ ಭಕ್ತಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವೆನು.

ಮೊದಲು ‘ವಾಸ್ತು’ ಎಂಬ ಶಬ್ದವನ್ನೇ ನೋಡೋಣ. ಇದು ವಾಸಿಸು ಎಂಬರ್ಥದ ‘ವಸ್’ ಧಾತುವಿನಿಂದ ಹುಟ್ಟಿರುವದು. ‘ದೇಗುಲ’ವು ‘ದೇವಕುಲ’ದ ತದ್ಭವ, ಅಂದರೆ ದೇವರ ಮನೆ. ಜೈನರ ‘ಬಸದಿ’ಯು ‘ವಸತಿ’ಯ ತದ್ಭವ, ಅದೂ ಮನೆಯೇ. ‘ಮಠ’ ಶಬ್ದದ ಧಾತುವಿಗೂ ನಿವಾಸವೆಂಬ ಅರ್ಥವುಂಟು. ಮತಗಳು ಬೇರೆಯಾದರೂ ಕಟ್ಟಡಗಳ ಹೆಸರುಗಳೆಲ್ಲ ಒಂದೇ ಭಾವದಿಂದ ಹೊರಟಿರುವವು. ಅದು ಯಾರೋ ಒಬ್ಬರು ನೆಲೆನಿಂತ ಸ್ಥಳವೆಂಬ ಭಾವ. ನಿವಾಸಿಯಿಲ್ಲದ ಬರಿಯ ಗೋಡೆಗಳ ಕಟ್ಟನ್ನು ನಮ್ಮ ಪೂರ್ವಿಕರು ವಾಸ್ತುವೆಂದು ಎಣಿಸಲಿಲ್ಲ.

ಇನ್ನು ಗುಡಿಯ ಅಂಗಗಳ ಹೆಸರುಗಳು. ಅವುಗಳನ್ನು ‘ಅಂಗ’ಗಳೆಂದು ಕರೆಯುವದು ಕೇವಲ ಮಾತಿನ ಅಲಂಕಾರವಲ್ಲ. ಕಂಬಕ್ಕೆ ಶಿಲ್ಪಶಾಸ್ತ್ರದಲ್ಲಿ ‘ಪಾದ’ವೆಂದೂ ‘ಅಂಘ್ರಿ’ಯೆಂದೂ ಹೆಸರು, ಶಿಖರದ ಕೆಳಗಿನ ಕಿರಿದಾದ ಭಾಗವು ‘ಗ್ರೀವ’, ಅಂದರೆ ಕೊರಳು. ದೇವರಿರುವ ಕೋಣೆಯು ‘ಗರ್ಭಗೃಹ’. ಬಾಗಿಲವಾಡದ ಮೇಲಣ ಅಡ್ಡಪಟ್ಟಿಯ ನಡುವಿನ ಮೂರ್ತಿಯು ‘ಲಲಾಟಬಿಂಬ’, ಅಂದರೆ ಹಣೆಯ ಬಿಂಬ. ಶಿಖರದ ಮುಂದಕ್ಕೆ ಚಾಚಿದ ಭಾಗವು ಗಿಳಿಯ ಮೂಗಿನಂತೆ ತೋರುವದರಿಂದ ‘ಶುಕನಾಸಿ’. ಬಾಗಿಲವಾಡದ ಪಟ್ಟಿಗಳು ‘ಶಾಖೆ’ಗಳು, ಮರದ ಕೊಂಬೆಗಳ ಹೆಸರೇ ಅವುಗಳಿಗೆ ಬಂದಿರುವದು. ಬಾಗಿದ ಚಾಚುಪಟ್ಟಿಯು ‘ಕಪೋತ’, ಎಂದರೆ ಪಾರಿವಾಳ. ಉತ್ತರದೇಶದ ಶೈಲಿಯ ಶಿಖರದ ತುದಿಯಲ್ಲಿ ಕೂಡುವ ಗೀರುಗೀರಿನ ಗುಂಡುಗಲ್ಲು ‘ಆಮಲಕ’, ಎಂದರೆ ನೆಲ್ಲಿಯ ಕಾಯಿ. ಹೀಗೆ ಮನುಷ್ಯ, ಪಕ್ಷಿ, ವೃಕ್ಷ, ಫಲಗಳೆಲ್ಲ ಶಿಲೆಯಲ್ಲಿ ಸೇರಿ, ಗುಡಿಯು ಒಂದು ಸಜೀವ ಶರೀರವೆಂಬ ಭಾವವನ್ನು ಶಬ್ದಗಳೇ ಸಾರುತ್ತಿರುವವು.

ಸಂಸ್ಕೃತ ಪದಗಳ ಬಳಿಯಲ್ಲಿಯೇ ಆಡುಗನ್ನಡದ ಪದಗಳೂ ನಿಂತಿರುವವು. ಕಂಬ, ತೊಲೆ, ಹೊಸ್ತಿಲು, ಜಗಲಿ, ಬೋದಿಗೆ ಇವು ನಮ್ಮ ಒಕ್ಕಲಿನ ಮನೆಯಲ್ಲಿಯೂ ಉಂಟು, ಚಾಲುಕ್ಯರ ಗುಡಿಯಲ್ಲಿಯೂ ಉಂಟು. ಕಂಬಗಳ ನಡುವಣ ಎಡೆಗೆ ‘ಅಂಕಣ’ವೆಂದು ಹೆಸರು, ಹಳ್ಳಿಗರು ಮನೆಯನ್ನು ‘ಮೂರಂಕಣದ ಮನೆ’ ‘ಐದಂಕಣದ ಮನೆ’ ಎಂದು ಎಣಿಸುವದು ಪ್ರಸಿದ್ಧವಷ್ಟೆ. ಗುಡಿಯ ‘ನವರಂಗ’ವಾದರೂ ನಡುವಿನ ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗಿ ವಿಭಾಗಗೊಂಡ ಮಂಟಪವೇ ಅಲ್ಲವೇ? ದ್ರಾವಿಡ ಶಿಖರದ ಅಂತಸ್ತುಗಳ ಮೇಲೆ ಸಾಲಾಗಿ ನಿಂತ ಚಿಕ್ಕ ಚಿಕ್ಕ ಮನೆಗಳಂಥ ರಚನೆಗಳಿಗೆ ‘ಕೂಟ’, ‘ಶಾಲೆ’, ‘ಪಂಜರ’ ಎಂದು ಹೆಸರು. ಚಚ್ಚೌಕದ್ದು ಕೂಟ, ಉದ್ದನಾಗಿ ಕಮಾನಿನ ಮಾಡುಳ್ಳದ್ದು ಶಾಲೆ. ಮರ ಹುಲ್ಲುಗಳಿಂದ ಕಟ್ಟಿದ ಹಳೆಯ ಮನೆಗಳ ನೆನಪನ್ನು ಶಿಲ್ಪಿಯು ಕಲ್ಲಿನಲ್ಲಿ ಕಾಪಾಡಿದನು.

ಈ ಶಬ್ದಗಳನ್ನು ಬಳಸಿದವರು ಯಾರೆಂಬುದಕ್ಕೆ ಶಾಸನಗಳ ಆಧಾರವುಂಟು. ಕಂಚಿಯ ಪಲ್ಲವರನ್ನು ಇಮ್ಮಡಿ ವಿಕ್ರಮಾದಿತ್ಯನು ಜಯಿಸಿದುದರ ಸ್ಮಾರಕವಾಗಿ ಅವನ ರಾಣಿ ಲೋಕಮಹಾದೇವಿಯು ಕ್ರಿ.ಶ. ೭೪೦ರ ಸುಮಾರಿಗೆ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ ದೇವಾಲಯ. ಅಲ್ಲಿಯ ಶಾಸನಗಳು ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಪದವಿ ದೊರೆತುದನ್ನು ಹೇಳುವವು. ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ‘ಸೂತ್ರಧಾರಿ’ಯೆಂದು ಹೊಗಳುವವು. ಸೂತ್ರವೆಂದರೆ ಅಳತೆಯ ನೂಲು. ಅದನ್ನು ಕೈಯಲ್ಲಿ ಹಿಡಿದವನು ಸೂತ್ರಧಾರಿ. ಹೂವಿನ ಹಡಗಲಿ ಸೀಮೆಯ ಹೊಳಲಿನ ಅಮೃತೇಶ್ವರ ದೇವಾಲಯದ ಬರಹವು ಬಮ್ಮೋಜನೆಂಬ ಶಿಲ್ಪಿಯನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರಗಳೆಂಬ ನಾಲ್ಕು ಜಾತಿಯ ಕಟ್ಟಡಗಳಲ್ಲಿ ನಿಪುಣನೆಂದು ವರ್ಣಿಸುವದು. ಬೇಲೂರಿನಲ್ಲಿ ತನ್ನ ಹೆಸರನ್ನು ಕೊರೆದ ಬಳ್ಳಿಗಾವೆಯ ದಾಸೋಜನ ಹೆಸರಿನಲ್ಲಿಯೂ ‘ಓಜ’ ಶಬ್ದವಿರುವದನ್ನು ಗಮನಿಸಬೇಕು. ‘ಓಜ’ವು ‘ಉಪಾಧ್ಯಾಯ’ದ ತದ್ಭವ. ಉಳಿ ಹಿಡಿದ ಕೈಗೆ ನಮ್ಮ ನಾಡು ಗುರುವಿನ ಹೆಸರನ್ನೇ ಕೊಟ್ಟಿತು.

ಹೊಳಲಿನ ಬರಹವು ಹೇಳುವ ಜಾತಿಭೇದವನ್ನು ತಿಳಿಯಲು ಪಟ್ಟದಕಲ್ಲೇ ಒಳ್ಳೆಯ ಪಾಠಶಾಲೆ. ಕಾಶಿವಿಶ್ವನಾಥ, ಗಳಗನಾಥ ಗುಡಿಗಳ ಶಿಖರವು ಬಾಗುರೇಖೆಯಲ್ಲಿ ಮೇಲೇರಿ ಹೋಗುವದು, ಅದು ನಾಗರ. ಸಂಗಮೇಶ್ವರ, ವಿರೂಪಾಕ್ಷಗಳ ಶಿಖರವು ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಏರುವದು, ಅದು ದ್ರಾವಿಡ. ‘ವೇಸರ’ ಶಬ್ದಕ್ಕೆ ಸಂಸ್ಕೃತದಲ್ಲಿ ಹೇಸರಗತ್ತೆಯೆಂಬ ಅರ್ಥವುಂಟಾದ್ದರಿಂದ, ಎರಡು ಜಾತಿಗಳು ಕೂಡಿ ಹುಟ್ಟಿದ ಶೈಲಿಯೆಂದು ಅನೇಕ ವಿದ್ವಾಂಸರು ವಿವರಿಸುವರು. ೧೯ನೆಯ ಶತಮಾನದಲ್ಲಿ ಫರ್ಗ್ಯುಸನ್ ಸಾಹೇಬರು ಈ ಗುಡಿಗಳನ್ನು ರಾಜವಂಶದ ಹೆಸರಿನಿಂದ ‘ಚಾಲುಕ್ಯ ಶೈಲಿ’ಯೆಂದು ಕರೆದರು. ಕರ್ನಾಟಕದ ಶಾಸನಗಳು ಶಿಲ್ಪದ ರೂಪಗಳಿಗೆ ತಾವೇ ಕೊಟ್ಟ ಹೆಸರುಗಳನ್ನು ಗುಡಿಗಳೊಡನೆ ಹೋಲಿಸಿ ಎಂ. ಎ. ಢಾಕಿಯವರು ೧೯೭೭ರಲ್ಲಿ ಗ್ರಂಥವೊಂದನ್ನು ರಚಿಸಿದರು. ಅರಸನ ಹೆಸರು ಕಟ್ಟಿಸಿದವನನ್ನು ತಿಳಿಸುವದು. ಶಿಲ್ಪಿಯ ಶಬ್ದವು ಕಟ್ಟಡವನ್ನೇ ತಿಳಿಸುವದು.

ಶಬ್ದವು ಮರೆತುಹೋದರೆ ಏನಾಗುವದೆಂಬುದಕ್ಕೆ ಐಹೊಳೆಯೇ ಸಾಕ್ಷಿ. ಅಲ್ಲಿಯ ಪುರಾತನ ಗುಡಿಯೊಂದಕ್ಕೆ, ಬಹುಕಾಲದ ಮೇಲೆ ಅದರಲ್ಲಿ ವಾಸವಾಗಿದ್ದವನ ಹೆಸರಿನಿಂದ, ‘ಲಾಡಖಾನ ಗುಡಿ’ಯೆಂದು ಹೆಸರು ನಿಂತಿತು. ‘ದುರ್ಗದ ಗುಡಿ’ಯೆಂಬುದನ್ನು ಕೇಳಿದ ಯಾತ್ರಿಕರು ದುರ್ಗಾದೇವಿಯ ಆಲಯವೆಂದು ಭ್ರಮಿಸುವರು, ಕೋಟೆಯ, ಎಂದರೆ ದುರ್ಗದ, ಸಾಮೀಪ್ಯದಿಂದ ಆ ಹೆಸರು ಬಂದಿರುವದು. ಆ ಗುಡಿಯ ಹಿಂಬದಿಯು ದುಂಡಗೆ ಬಾಗಿದುದರಿಂದ ಶಿಲ್ಪಶಾಸ್ತ್ರವು ಅಂಥ ಆಕಾರವನ್ನು ‘ಗಜಪೃಷ್ಠ’, ಆನೆಯ ಬೆನ್ನು, ಎಂದು ಕರೆಯುವದು. ಈ ಒಂದು ಶಬ್ದವನ್ನು ಅರಿತವನಿಗೆ ಗುಡಿಯ ಪರಿಚಯವು ಕ್ಷಣಮಾತ್ರದಲ್ಲಿ ಆಗುವದು.

ಶರಣಧರ್ಮದ ಅನುಯಾಯಿಗಳಿಗಂತೂ ಈ ಪರಿಭಾಷೆಯ ಜ್ಞಾನವು ವಿಶೇಷವಾಗಿ ಆವಶ್ಯಕ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ.ಶ. ೧೧೧೨ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಕೊಂಡಾಡಿತು. ಕಲ್ಲಿನ ವೈಭವವು ಹೀಗೆ ತುತ್ತತುದಿಗೇರಿದ ಶತಮಾನದಲ್ಲಿಯೇ ಬಸವಣ್ಣನವರು ದೇಹವನ್ನೇ ದೇಗುಲವೆಂದು ಭಾವಿಸಿದ ತಮ್ಮ ಪ್ರಸಿದ್ಧ ವಚನವನ್ನು ನುಡಿದರು. ಶಿಲ್ಪಿಗಳು ಶರೀರದ ಹೆಸರುಗಳನ್ನು ಗುಡಿಗೆ ಕೊಟ್ಟಿದ್ದರು. ಶರಣರು ಗುಡಿಯ ಹೆಸರುಗಳನ್ನು ಶರೀರಕ್ಕೆ ಮರಳಿಸಿದರು. ‘ಸ್ಥಾವರ’ವೆಂದರೆ ನಿಂತದ್ದು, ‘ಜಂಗಮ’ವೆಂದರೆ ಚಲಿಸುವದು ಎಂಬ ಭೇದದ ತೂಕವು ತಿಳಿಯಬೇಕಾದರೆ, ನಿಂತದ್ದು ಎಷ್ಟು ಭವ್ಯವಾಗಿ ನಿಂತಿತ್ತೆಂಬುದೂ ತಿಳಿದಿರಬೇಕು. ಕೇಳುವವರ ನಾಲಗೆಯ ಮೇಲೆ ಗುಡಿಯ ಶಬ್ದಗಳು ಜೀವಂತವಾಗಿದ್ದುದರಿಂದಲೇ ಆ ವಚನವು ಅವರ ಎದೆಗೆ ನೇರವಾಗಿ ಮುಟ್ಟಿತು. ಶಬ್ದಗಳು ಸತ್ತರೆ ಗುಡಿಯಷ್ಟೇ ಅಲ್ಲ, ವಚನವೂ ನಮಗೆ ಅರ್ಧವಾಗಿ ಮೂಕವಾಗುವದು.

ಕಟ್ಟಡದ ಅರ್ಥವು ಅದರ ಅಂಗಗಳಲ್ಲಿಯೇ ಮುಗಿಯುವದಿಲ್ಲ ಎಂಬುದಕ್ಕೂ ಅದೇ ಕಾಲದ ಒಂದು ಶಾಸನವಿರುವದು. ಬಳ್ಳಿಗಾವೆಯಲ್ಲಿ ಕಾಳಾಮುಖ ಆಚಾರ್ಯರ ಕೋಡಿಯಮಠವಿತ್ತು. ಕ್ರಿ.ಶ. ೧೧೬೨ರ ಶಾಸನವು ಅದನ್ನು ವರ್ಣಿಸುವಾಗ ವೇದಗಳ, ವ್ಯಾಕರಣದ, ದರ್ಶನಗಳ, ಕಾವ್ಯನಾಟಕಗಳ ಪಾಠವು ನಡೆಯುವ ಸ್ಥಳವೆಂದೂ, ದೀನರಿಗೂ ಕುಂಟ ಕುರುಡರಿಗೂ ಅನ್ನವಿಕ್ಕುವ ಸ್ಥಳವೆಂದೂ, ರೋಗಿಗಳಿಗೆ ಔಷಧವು ದೊರೆಯುವ ಸ್ಥಳವೆಂದೂ, ಭೀತರಿಗೆ ಅಭಯವೀಯುವ ಸ್ಥಳವೆಂದೂ ಹೇಳುವದು. ‘ಮಠ’ವೆಂಬ ಶಬ್ದಕ್ಕೆ ಇದಕ್ಕಿಂತ ಉತ್ತಮವಾದ ನಿಘಂಟು ಬೇರೊಂದಿಲ್ಲ.

ಪಟ್ಟದಕಲ್ಲು ೧೯೮೭ರಲ್ಲಿ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ಸೇರಿದವು. ಕಲ್ಲಿಗೆ ಕಾವಲು ದೊರೆತಿರುವದು ಸಂತೋಷದ ಸಂಗತಿ. ಶಬ್ದಕ್ಕೆ ಮಾತ್ರ ಬೇರೆ ಕಾವಲುಗಾರರಿಲ್ಲ. ಅದನ್ನು ಆಡುವವರೇ ಅದರ ಕಾವಲುಗಾರರು. ಜೀರ್ಣೋದ್ಧಾರಕ್ಕೆ ಕೈಹಾಕುವ ಪ್ರತಿಯೊಂದು ಊರಿನವರು, ಬೋದಿಗೆಯೊಂದನ್ನು ಕಿತ್ತು ಸಿಮೆಂಟು ಮೆತ್ತುವದಕ್ಕೆ ಮುಂಚೆ, ಆ ಕಲ್ಲಿನ ಹೆಸರನ್ನೂ ಕೆಲಸವನ್ನೂ ವಯೋವೃದ್ಧರಾದ ಶಿಲ್ಪಿಗಳಿಂದ ಕೇಳಿ ಬರೆದಿಡಲಿ. ನಮ್ಮ ಮಕ್ಕಳು ಗುಡಿಗೆ ಹೋದಾಗ ಕೈಮುಗಿಯುವದರ ಜೊತೆಗೆ ಕಂಬದ ಹೆಸರನ್ನೂ, ಅದನ್ನು ನಿಲ್ಲಿಸಿದ ಓಜನ ಹೆಸರನ್ನೂ ಕಲಿಯಲಿ. ಇಷ್ಟಾದರೆ ಪೂರ್ವಿಕರ ಋಣದಲ್ಲಿ ಒಂದಂಶವಾದರೂ ಸಂದಾಯವಾಗುವದು.