ಎಂಜಿನಿಯರ್ ಡ್ರೆಜೆನ್ ಮತ್ತು ಒಡೆಯನಿಲ್ಲದ ಭಾಷೆ

ಗುಂಡಿಕ್ಕಿ ಕೊಲ್ಲುವಂಥ ಅಪಾಯ ಒಂದು ಭಾಷೆಯಲ್ಲಿ ಏನಿರುತ್ತೆ? 1937ರ ಅಕ್ಟೋಬರ್ 27ರಂದು ಸೋವಿಯತ್ ಒಕ್ಕೂಟದಲ್ಲಿ ಎರ್ನೆಸ್ಟ್ ಡ್ರೆಜೆನ್ ಅನ್ನೋ ಎಂಜಿನಿಯರನನ್ನು ಕೊಂದರು. ಹೊರಿಸಿದ್ದು ಗೂಢಚಾರಿಕೆ. ಆತ ವರ್ಷಗಟ್ಟಲೆ ಬೆವರು ಸುರಿಸಿದ್ದು ಎಸ್ಪೆರಾಂಟೊ ಎಂಬ ಭಾಷೆಗೆ.

ಈ ಭಾಷೆ ಕಟ್ಟಿದವನು ಜಾಮೆನ್‌ಹೋಫ್, ಯಹೂದಿ ಕಣ್ಣಿನ ಡಾಕ್ಟರು. ಆತನ ಊರು ಬಿಯಾಲಿಸ್ಟೋಕ್ ಆಗ ಝಾರನ ಆಳ್ವಿಕೆಯಲ್ಲಿತ್ತು. ಯಹೂದಿ, ಪೋಲಿಷ್, ರಷ್ಯನ್, ಜರ್ಮನ್ ಜನ ಒಂದೇ ಬೀದಿಯಲ್ಲಿದ್ದೂ ಒಬ್ಬರನ್ನೊಬ್ಬರು ಹಗೆಯಿಂದ ನೋಡುತ್ತಿದ್ದರು. 1887ರಲ್ಲಿ ವಾರ್ಸಾದಲ್ಲಿ ಆತನ ಸಣ್ಣ ಪುಸ್ತಕ ಅಚ್ಚಾಯಿತು. ವ್ಯಾಕರಣಕ್ಕೆ 16 ನಿಯಮ, ಅಷ್ಟೆ. 'ಬೋನ' ಅಂದರೆ ಒಳ್ಳೆಯ, 'ಮಲ್‌ಬೋನ' ಅಂದರೆ ಕೆಟ್ಟ. ಹಗಲೆಲ್ಲ ದುಡಿದವನೂ ರಾತ್ರಿ ಲಾಟೀನು ಹಚ್ಚಿಕೊಂಡು ಕಲಿಯಬಹುದು. ಭಾಷೆಯ ಮೇಲೆ ತನಗೆ ಯಾವ ಹಕ್ಕೂ ಬೇಡ ಅಂತ ಆತ ಮೊದಲೇ ಹೇಳಿಬಿಟ್ಟ. ಒಡೆಯನೇ ಇಲ್ಲದ ಭಾಷೆ! ಝಾರನಿಗೆ ಇದು ಸರಿಬರಲಿಲ್ಲ. ಟಾಲ್‌ಸ್ಟಾಯ್ ಬರಹ ಹಾಕಿದ್ದಕ್ಕೆ 1895ರಲ್ಲಿ ಎಸ್ಪೆರಾಂಟೊ ಪತ್ರಿಕೆ ರಷ್ಯಾದೊಳಗೆ ಬರದಂತೆ ಸೆನ್ಸಾರ್ ತಡೆಯಿತು. ಚಂದಾದಾರರಲ್ಲಿ ಬಹುಪಾಲು ಅಲ್ಲಿಯವರೇ, ಪತ್ರಿಕೆ ನಿಂತುಹೋಯಿತು.

ಡ್ರೆಜೆನ್ ಹುಟ್ಟಿದ್ದು 1892ರಲ್ಲಿ, ಲಾಟ್ವಿಯಾದ ಲಿಯೆಪಾಯಾದಲ್ಲಿ. ಓದಿದ್ದು ಪೀಟರ್ಸ್‌ಬರ್ಗಿನಲ್ಲಿ. ಕ್ರಾಂತಿಯಾದ ಮೇಲೆ ಕೆಂಪು ಸೇನೆ ಸೇರಿದ. 1921ರಲ್ಲಿ ಶುರುವಾದ ಸೋವಿಯತ್ ಎಸ್ಪೆರಾಂಟೊ ಒಕ್ಕೂಟಕ್ಕೆ ಈತನೇ ಮುಂದಾಳು. ಕಾರ್ಖಾನೆಯ ಕೂಲಿಕಾರರು ಜರ್ಮನಿ, ಫ್ರಾನ್ಸಿನ ಕೂಲಿಕಾರರಿಗೆ ನೇರವಾಗಿ ಕಾಗದ ಬರೆದರು. ನಡುವೆ ದುಭಾಷಿ ಇಲ್ಲ, ಸಾಹೇಬ ಇಲ್ಲ. 1927ರಲ್ಲಿ ಸರ್ಕಾರವೇ ಜಾಮೆನ್‌ಹೋಫನ ಅಂಚೆಚೀಟಿ ಹೊರಡಿಸಿತು.

ಎಂಜಿನಿಯರನ ಬುದ್ಧಿ ಸುಮ್ಮನಿರುತ್ತದೆಯೇ? ಒಂದು ಯಂತ್ರದ ಬಿಡಿಭಾಗಕ್ಕೆ ಹತ್ತು ದೇಶದಲ್ಲಿ ಹತ್ತು ಹೆಸರಿದ್ದರೆ ದುಡಿಯುವವನೇ ಕಕ್ಕಾಬಿಕ್ಕಿ. ಆಸ್ಟ್ರಿಯಾದ ಎಂಜಿನಿಯರ್ ವ್ಯೂಸ್ಟರ್, ಆತನೂ ಎಸ್ಪೆರಾಂಟೊದವನೇ, ತಾಂತ್ರಿಕ ಪದಗಳನ್ನು ಹದಕ್ಕೆ ತರುವ ಬಗ್ಗೆ 1931ರಲ್ಲಿ ದೊಡ್ಡ ಪುಸ್ತಕ ಬರೆದ. ಡ್ರೆಜೆನ್ ಆ ವಿಚಾರವನ್ನು 1934ರಲ್ಲಿ ಸ್ಟಾಕ್‌ಹೋಮ್‌ನ ಸಭೆಗೆ ಒಯ್ದ. ಎರಡು ವರ್ಷದಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಸಮಿತಿ ಎದ್ದಿತು. ಅದರ ಮುಂದುವರಿಕೆ ಇವತ್ತಿಗೂ ಕೆಲಸ ಮಾಡುತ್ತಿದೆ.

ಹಾಗಂತ ನಾವು ಆತನನ್ನು ಹೊತ್ತು ಮೆರೆಸುವುದಿಲ್ಲ. ಬಡಗಿ ಕೆಲಸದಿಂದ ಬಂದ ಫ್ರಾನ್ಸಿನ ಲಾಂತಿ, ದುಡಿಯುವವರ ಎಸ್ಪೆರಾಂಟೊ ಸಂಘ ಯಾವ ಪಕ್ಷದ ಬಾಲವೂ ಆಗಬಾರದು ಅಂದ. ಡ್ರೆಜೆನ್ ಮಾಸ್ಕೋದ ಕಡೆ ನಿಂತ. 1930ರ ಹೊತ್ತಿಗೆ ಸಂಘ ಒಡೆಯಿತು. ಕೂಲಿಕಾರನ ಕಾಗದದಲ್ಲಿ ಏನಿರಬೇಕು ಅನ್ನೋದಕ್ಕೂ ಈತನ ಒಕ್ಕೂಟವೇ ಕಡಿವಾಣ ಹಾಕಿತು. ಆ ಕಡಿವಾಣ ಕೊನೆಗೆ ಈತನನ್ನೂ ಉಳಿಸಲಿಲ್ಲ.

ನಮ್ಮ ಕೆಲವು ಕಾಮ್ರೇಡರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಹೇಳಬೇಕು. ಹಿಟ್ಲರ್ 1936ರಲ್ಲಿ ಎಸ್ಪೆರಾಂಟೊ ಸಂಘಗಳನ್ನು ಮುಚ್ಚಿಸಿದ, ಅದು ಯಹೂದಿಗಳ ಪಿತೂರಿ ಅಂತ. ಮರುವರ್ಷವೇ ಕಾರ್ಮಿಕರ ರಾಜ್ಯ ಅಂತ ಹೇಳಿಕೊಂಡ ದೇಶದಲ್ಲಿ ಹೊರನಾಡಿನ ಕಾಗದಗಳೇ ಗೂಢಚಾರಿಕೆಗೆ ಸಾಕ್ಷಿಯಾದವು. ಏಪ್ರಿಲ್‌ನಲ್ಲಿ ಡ್ರೆಜೆನ್ ಸೆರೆಯಾದ. ಕಾಗದ ಬರೆದವರನ್ನೂ ಬಿಡಲಿಲ್ಲ, ಎಷ್ಟೋ ಜನ ಶಿಬಿರ ಸೇರಿದರು, ಎಷ್ಟೋ ಜನ ಸತ್ತರು. ಭಾಷೆಯನ್ನು ನಿಷೇಧಿಸಿದ ಕಾನೂನು ಮಾತ್ರ ಯಾವತ್ತೂ ಹೊರಡಲಿಲ್ಲ. ಮಾತಾಡುವವರನ್ನೇ ಎತ್ತಿಕೊಂಡು ಹೋದ ಮೇಲೆ ಕಾನೂನು ಯಾತಕ್ಕೆ?

1957ರಲ್ಲಿ ಅದೇ ಸರ್ಕಾರ ಡ್ರೆಜೆನ್ ನಿರಪರಾಧಿ ಅಂದಿತು. ಅಷ್ಟರಲ್ಲಿ ಆತ ಸತ್ತು 20 ವರ್ಷವಾಗುತ್ತ ಬಂದಿತ್ತು.