ನೀಲಗಿರಿಯ ಮಂಜು ಮತ್ತು ವೆಂಕಟಪ್ಪನವರ ಕುಂಚ

ನೀಲಗಿರಿಯ ಶಾಲೆಗಳಲ್ಲಿ ಪಾಠ ಹೇಳುವ ನಮ್ಮ ಬಂಧುಗಳಿಗೆ ಮಂಜು ಹೊಸದಲ್ಲ. ಬೆಟ್ಟದ ಒಂದು ಮಗ್ಗುಲು ಕಂಡು ಮತ್ತೊಂದು ಮಾಯವಾಗುವ ಆ ನೋಟವನ್ನು ಮೈಸೂರಿನ ಚಿತ್ರಕಾರ ಶ್ರೀ ಕೆ. ವೆಂಕಟಪ್ಪನವರು 1920ರ ದಶಕದಲ್ಲಿ ಜಲವರ್ಣದಲ್ಲಿ ಹಿಡಿದಿಟ್ಟರು. ಉದಕಮಂಡಲದಂತೆ ಕೊಡೈಕಾನಲಿನ ದೃಶ್ಯಗಳನ್ನೂ ಬರೆದರು. ಇವನ್ನು ಪಾಶ್ಚಾತ್ಯ ಮಾದರಿಯವೆಂದು ತಳ್ಳಿಬಿಡುವುದು ಸುಲಭ. ಅಪ್ಪಟ ಸ್ವದೇಶಿಯೆಂದು ಕೊಂಡಾಡುವುದೂ ಸುಲಭ. ಚರಿತ್ರೆಯನ್ನು ಪರಿಶೀಲಿಸಿದರೆ ಎರಡೂ ಅರ್ಧಸತ್ಯಗಳೆಂದು ತಿಳಿದೀತು.

ಮೊದಲು ಜಪಾನಿನ ಕಡೆ ತಿರುಗಬೇಕು. 1898ರಲ್ಲಿ ಒಕಾಕುರ ಕಾಕುಝೊ ಎಂಬ ವಿದ್ವಾಂಸರು ಟೋಕಿಯೋದಲ್ಲಿ ಒಂದು ಕಲಾಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿದ್ದ ಯೊಕೊಯಾಮ ತೈಕಾನ್, ಹಿಷಿದ ಷುನ್ಸೊ ಎಂಬ ಇಬ್ಬರು ಕಲಾವಿದರು ತಮ್ಮ ಸಂಪ್ರದಾಯದ ಜೀವಾಳವಾಗಿದ್ದ ಮಸಿಯ ರೇಖೆಯನ್ನೇ ಕೈಬಿಟ್ಟರು. ಪಾಶ್ಚಾತ್ಯ ಚಿತ್ರಗಳಲ್ಲಿ ಕಾಣುವ ಗಾಳಿ ಬೆಳಕುಗಳನ್ನು ತಮ್ಮದೇ ಬಣ್ಣಗಳ ಏರಿಳಿತದಿಂದ ತೋರಿಸಹೊರಟರು. ವಿಮರ್ಶಕರು ಇದನ್ನು 'ಮೋರೋತೈ', ಅಂದರೆ ಮಸಕು ಶೈಲಿ, ಎಂದು ಹಾಸ್ಯ ಮಾಡಿದರು. ಬೈಗುಳವೇ ಹೆಸರಾಗಿ ನಿಂತಿತು.

1903ರಲ್ಲಿ ಈ ಇಬ್ಬರೂ ಕಲ್ಕತ್ತೆಗೆ ಬಂದರು. ಅಲ್ಲಿ ಅವನೀಂದ್ರನಾಥ ಠಾಕೂರರು ತೈಕಾನರ ಕೆಲಸವನ್ನು ಹತ್ತಿರದಿಂದ ನೋಡಿದರು. ಠಾಕೂರರು ಅದಾಗಲೇ ಐರೋಪ್ಯ ಗುರುಗಳಲ್ಲಿ ಕಲಿತು, ಮೊಗಲರ ಕಿರುಚಿತ್ರಗಳಿಗೆ ಮನಸೋತವರು. ತೈಕಾನರು ನೀರಿನ ಕುಂಚದಿಂದ ಬಣ್ಣವನ್ನು ಮೃದುಗೊಳಿಸುವುದನ್ನು ಕಂಡು ತಮ್ಮ 'ವಾಷ್' ಪದ್ಧತಿಯನ್ನು ರೂಪಿಸಿಕೊಂಡರು: ಬಣ್ಣ ಹಚ್ಚಿ ಒಣಗಿಸುವುದು, ಕಾಗದವನ್ನು ನೀರಿನಲ್ಲಿ ಅದ್ದುವುದು, ಮತ್ತೆ ಹಚ್ಚುವುದು. ಹೀಗೆ ಹಲವು ಸಲ ಮಾಡಿದಾಗ ಬಣ್ಣ ಕಾಗದದೊಳಗಿಳಿದು ಮಂಜಿನ ಪರದೆಯಂತೆ ತೋರುತ್ತದೆ.

ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದ ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ನಂದಲಾಲ ಬೋಸರಂತೆ ಇವರೂ ಠಾಕೂರರ ಶಿಷ್ಯರಾದರು. ಮನೆತನದಿಂದ ಬಂದ ರೇಖೆಯ ಶಿಸ್ತು, ಗುರುಗಳಿಂದ ಬಂದ ತೆಳುಬಣ್ಣದ ಹದ, ಪಾಶ್ಚಾತ್ಯ ಜಲವರ್ಣದ ದೂರ-ಸಮೀಪಗಳ ಲೆಕ್ಕ, ಮೂರೂ ಅವರಲ್ಲಿ ಕೂಡಿದವು. ಆದರೆ ಕನಸಿನಂಥ ಮಸಕು ಅವರಿಗೆ ಒಗ್ಗಲಿಲ್ಲ. ನಿಸರ್ಗವನ್ನು ಕಣ್ಣಾರೆ ಕಂಡು, ಯಾವ ಹೊತ್ತಿನ ಬೆಳಕು, ಮೋಡ ಎಲ್ಲಿ ಬಿರಿಯುತ್ತದೆ ಎಂಬುದನ್ನು ಗಮನಿಸಿ ಬರೆದರು. ಗುರುಗಳಿಗೆ ಮಂಜು ಒಂದು ಭಾವ; ಶಿಷ್ಯರಿಗೆ ಅದು ಆ ದಿನದ ಹವೆ. ಎರವಲು ತಂದದ್ದನ್ನು ತನ್ನ ಕಣ್ಣಿನಿಂದ ಪರೀಕ್ಷಿಸಿ ಬಳಸುವುದು ಅನುಕರಣೆಯಾಗದು.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಬೆಂಗಳೂರಿನಲ್ಲಿ ಅವರದೇ ಹೆಸರಿನ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿವೆ. ಆ ಬೆಟ್ಟಗಳು ತಮಿಳುನಾಡಿನಲ್ಲಿವೆ. 1956ರ ಪುನರ್ವಿಂಗಡಣೆಯಲ್ಲಿ ನೀಲಗಿರಿ ಮದರಾಸು ರಾಜ್ಯದಲ್ಲೇ ಉಳಿಯಿತು. ಗಡಿ ಹೀಗೆ ಚಿತ್ರವನ್ನೂ ನೆಲವನ್ನೂ ಬೇರೆಮಾಡಿತು. ಅವೆರಡನ್ನೂ ಮಗುವಿನ ಮನಸ್ಸಿನಲ್ಲಿ ಕೂಡಿಸುವ ಹೊಣೆ ಉಪಾಧ್ಯಾಯರಾದ ನಮ್ಮದು. ಕಿಟಕಿಯಾಚೆಯ ಮಂಜನ್ನು ತೋರಿಸಿ, ಅದನ್ನು ಬರೆಯುವ ವಿದ್ಯೆ ಟೋಕಿಯೋ, ಕಲ್ಕತ್ತೆ, ಮೈಸೂರುಗಳನ್ನು ಹಾದು ಈ ಬೆಟ್ಟಕ್ಕೆ ಬಂತೆಂದು ಹೇಳಿದರೆ, ತನ್ನ ಊರು ಮೂಲೆಯಲ್ಲಿದೆಯೆಂಬ ಕೊರಗು ಆ ಮಗುವಿನಿಂದ ಸ್ವಲ್ಪವಾದರೂ ದೂರವಾದೀತು.