ಕುಮಕಿಯಿಂದ ಕುಮ್ಮಕ್ಕಿನವರೆಗೆ



ನಮ್ಮ ಭಟ್ಕಳ, ಹೊನ್ನಾವರ, ಕುಮಟಾಗಳ ಕಡೆ ಎರಡು ಮನೆಗಳ ನಡುವೆ ಬೇಲಿಯ ತಕರಾರು ಎದ್ದಿತೆಂದರೆ, ಬೇಲಿ ಕಿತ್ತವನಾರೆಂದು ಕೇಳುವ ಮೊದಲೇ ಜನ "ಇದಕ್ಕೆ ಯಾರ ಕುಮ್ಮಕ್ಕು?" ಎಂದು ಕೇಳುತ್ತಾರೆ. ತಪ್ಪು ಮಾಡುವವನ ಬೆನ್ನಿಗೆ ನಿಂತು ಹುರಿದುಂಬಿಸುವುದೇ ಕುಮ್ಮಕ್ಕೆಂದು ನಾವೆಲ್ಲ ಬಲ್ಲೆವು. ಆದರೆ ಈ ಪದದ ಮೂಲದಲ್ಲಿ ಎಳ್ಳಷ್ಟೂ ಕೆಡುಕಿಲ್ಲವೆಂಬುದನ್ನು ತಿಳಿಸಲೆಂದೇ ಈ ಬರಹ.

ತುರ್ಕಿ ಭಾಷಾವರ್ಗದಿಂದ ಪಾರಸಿಗೆ, ಅಲ್ಲಿಂದ ನಮ್ಮ ದೇಶಭಾಷೆಗಳಿಗೆ ಬಂದ 'ಕುಮಕ್' ಎಂಬ ಪದಕ್ಕೆ ನೆರವು ಎಂದರ್ಥ. ಹಿಂದಿ, ಮರಾಠಿಗಳಲ್ಲಿ ಇಂದಿಗೂ ಅದು ರಣರಂಗದಲ್ಲಿರುವವರಿಗೆ ಹಿಂದಿನಿಂದ ಬಂದು ಸೇರುವ ಸಹಾಯಕ ಪಡೆ. ಅಮಲ್ ನಮ್ಮ ನಾಲಗೆಯಲ್ಲಿ 'ಅಮಲು' ಆದಂತೆ, ಮಾಲ್ 'ಮಾಲು' ಆದಂತೆ, ಕುಮಕ್ ಎಂಬುದೂ ಉಕಾರವನ್ನು ಪಡೆದು, ಒತ್ತಕ್ಷರಗಳಿಂದ ಬಲಿತು 'ಕುಮ್ಮಕ್ಕು' ಆಯಿತು.

ಇದೇ ಪದದ ಇನ್ನೊಂದು ಕವಲು ನಮ್ಮ ನೆರೆಯಲ್ಲಿಯೇ ಇದೆ. ಭಟ್ಕಳದಿಂದ ದಕ್ಷಿಣಕ್ಕೆ ಶಿರೂರು ದಾಟಿ ಕುಂದಾಪುರದ ಸೀಮೆಗೆ ಹೋದರೆ 'ಕುಮ್ಕಿ ಜಮೀನು' ಎಂಬ ಮಾತು ಕೇಳಿಬರುತ್ತದೆ. ಹಳೆಯ ವರ್ಗ ಜಮೀನಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಸವಲತ್ತು ಅದು. ಬೇಸಾಯಕ್ಕೆ ನೆರವಾಗುವ ಭೂಮಿಯೆಂದೇ ಆ ಹೆಸರು. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ನಮ್ಮ ಉತ್ತರ ಕನ್ನಡದಲ್ಲಿ ಇಂಥ ಸವಲತ್ತಿಗೆ 'ಬೆಟ್ಟ' ಎನ್ನುತ್ತಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಕಲಮು ಇವೆರಡನ್ನೂ ಒಟ್ಟಿಗೇ ಹೆಸರಿಸಿದೆ. ಕಾಡು ಕಡಿದು ಸುಟ್ಟು ಬಿತ್ತುವ ನಮ್ಮ 'ಕುಮರಿ' ಬೇಸಾಯ ಮಾತ್ರ ಬೇರೆಯೇ ಪದ, ಗೊಂದಲ ಬೇಡ.

ಕಾಡಾನೆ ಹಿಡಿಯಲು ನೆರವಾಗುವ 'ಕುಮ್ಕಿ ಆನೆ'ಯೂ ಇದೇ ಕುಲದ್ದು. 8 ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನಲ್ಲಿ ಅಂಥ ಸೇವೆಯಲ್ಲಿಯೇ ಪ್ರಾಣ ಬಿಟ್ಟಿತು.

ಹೀಗೆ ಹೊಲಕ್ಕೂ ಆನೆಗೂ ಗೌರವ ತಂದ ಪದ ಮನುಷ್ಯನ ವ್ಯವಹಾರದಲ್ಲಿ ಮಾತ್ರ ಕೆಟ್ಟಿತು. ಮರಾಠಿಯಿಂದ ಬಂದ 'ಚಿತಾವಣೆ'ಯಾದರೋ ಮೂಲದಲ್ಲಿಯೇ ಕೆರಳಿಸುವ ಅರ್ಥದ್ದು. ಆದರೂ ಇಂದಿಗೂ ನಾವು ಕುಮ್ಮಕ್ಕು 'ಕೊಡುತ್ತೇವೆ', 'ನೀಡುತ್ತೇವೆ', ನೆರವನ್ನು ಕೊಡುವಂತೆಯೇ.

ಕಾನೂನು ಈ ನಂಟನ್ನು ಮರೆತಿಲ್ಲ. 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 107ನೆಯ ಕಲಮು ದುಷ್ಪ್ರೇರಣೆಯ ಮೂರು ಬಗೆಗಳನ್ನು ಹೇಳಿತು: ಪ್ರಚೋದಿಸುವುದು, ಒಳಸಂಚಿನಲ್ಲಿ ಸೇರುವುದು, ಉದ್ದೇಶಪೂರ್ವಕವಾಗಿ ನೆರವಾಗುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 45ನೆಯ ಕಲಮಿನಲ್ಲಿಯೂ ಈ ಮೂರೂ ಉಳಿದಿವೆ. ಮೂರನೆಯದು ನಮ್ಮ 'ಕುಮಕ್' ತಾನೆ! ಪ್ರೇರಿತ ಅಪರಾಧ ನಡೆದುಹೋದರೆ, ಬೇರೆ ವಿಧಿ ಇಲ್ಲದಿದ್ದಲ್ಲಿ, ಪ್ರೇರಕನಿಗೂ ಆ ಅಪರಾಧದ ಶಿಕ್ಷೆಯೇ. "ನಾನು ಬೇಲಿ ಮುಟ್ಟಲಿಲ್ಲ, ಕತ್ತಿಯನ್ನಷ್ಟೇ ಕೊಟ್ಟೆ" ಎಂಬ ಸಮಜಾಯಿಷಿ, ತಿಳಿದೇ ಕೊಟ್ಟವನನ್ನು ಕಾಯುವುದಿಲ್ಲ.

"ಹೆದರಬೇಡ, ನಿನ್ನ ಹಿಂದೆ ನಾನಿದ್ದೇನೆ." ಪರೀಕ್ಷೆಗೆ ಅಂಜುವ ಹುಡುಗನಿಗೆ ಹೇಳಿದರೆ ಇದು ಕುಮಕ್, ಕಲ್ಲೆತ್ತಿದ ಹುಡುಗನಿಗೆ ಹೇಳಿದರೆ ಕುಮ್ಮಕ್ಕು. ನಿಮ್ಮಲ್ಲಿ ಅನೇಕರು ಇಂದು ಮನೆಗೆ ಹಿರಿಯರು, ಊರಿಗೆ ಬೇಕಾದವರು. ಕಿರಿಯರು ನಿಮ್ಮತ್ತ ತಿರುಗಿ ನೋಡಿದಾಗ, ಅವರ ಕೈಯಲ್ಲಿ ಏನಿದೆಯೆಂದು ಒಮ್ಮೆ ನೋಡಿ, ಆಮೇಲೆ ಮಾತಾಡಿ.